ತಂತಿ ಎಷ್ಟು ದಪ್ಪ ಇದ್ದರೆ ಎಷ್ಟು ಭಾರ ತಡೆಯುತ್ತದೆ? ಬಕೆಟ್ ನೀರಿನಲ್ಲೇ ಪರೀಕ್ಷೆ ಮಾಡಿ ನೋಡಿ

ಹೋದ ಯುಗಾದಿಗೆ ಒಂದು ವಾರ ಮುಂಚೆ ನಮ್ಮ ಮಾಳಿಗೆ ಮೇಲಿನ ಬಟ್ಟೆ ತಂತಿ ತುಂಡಾಯಿತು. ಹಬ್ಬ ಬಂತೆಂದರೆ ದಾವಣಗೆರೆಯಲ್ಲಿ ಹಾಸಿಗೆ, ಹೊದಿಕೆ ಎಲ್ಲಾ ಒಗೆಯೋದು ಗೊತ್ತೇ ಇದೆಯಲ್ಲ. ಅಮ್ಮ ಎರಡು ಕೌದಿ ಒಗೆದು, ಹಿಂಡೋಕಾಗದೆ, ನೀರು ಸುರಿಯುತ್ತಿರುವಾಗಲೇ ತಂತಿ ಮೇಲೆ ಎಳೆದು ಹಾಕಿದ್ದರು. ಟಣ್ ಅಂತ ಸದ್ದು ಬಂತು. ಹೋಗಿ ನೋಡಿದರೆ ಎರಡೂ ಕೌದಿ ಧೂಳಿನಲ್ಲಿ ಬಿದ್ದಿವೆ. "ಫಿಟ್ಟರ್ ಕಲಿತ ಮಗ ಕಟ್ಟಿದ ತಂತಿ ನೋಡ್ರಿ" ಅಂತ ಪಕ್ಕದ ಮನೆಯವರಿಗೆ ಹೇಳಿದರೇ ಹೊರತು ನನಗೆ ಏನೂ ಅನ್ನಲಿಲ್ಲ. ನನ್ನನ್ನೇ ಬೈದಿದ್ದರೆ ವಾಸಿಯಿತ್ತು.

ಅದೇ ವಾರ ಜಗಳೂರು ಕಡೆ ನಮ್ಮ ಭಾವ ಹೀರೆಕಾಯಿ ಚಪ್ಪರಕ್ಕೆ ತಂತಿ ತಂದಿದ್ದರು. ಹಿಂದಿನ ವರ್ಷ 14 ಗೇಜ್ ತಂತಿ ಮಳೆಗಾಲದಲ್ಲಿ ತುಂಡಾಗಿತ್ತಂತೆ. ಅದಕ್ಕೆ ಈ ಸಲ ಅಂಗಡಿಯವರಿಗೆ "ಇನ್ನೂ ದೊಡ್ಡ ನಂಬರ್ ಕೊಡಪ್ಪ" ಅಂದು 16 ಗೇಜ್ ತಂದುಬಿಟ್ಟಿದ್ದಾರೆ! ಗೇಜ್ ನಂಬರ್ ದೊಡ್ಡದಾದಷ್ಟೂ ತಂತಿ ತೆಳ್ಳಗಾಗುತ್ತದೆ. ಹಳೇ ತಂತಿ 120 ಕೆ.ಜಿ. ಎಳೆತ ತಡೆಯುತ್ತಿದ್ದರೆ, ಭಾವ ತಂದ ಹೊಸ ತಂತಿ 80ಕ್ಕೇ ತುಂಡಾಗುವಂಥದ್ದು.

ಇಬ್ಬರದ್ದೂ ಒಂದೇ ಥರದ ತಪ್ಪು. ತಂತಿಯ ದಪ್ಪಕ್ಕೂ ಅದು ಹೊರುವ ಭಾರಕ್ಕೂ ಇರುವ ಲೆಕ್ಕ ತಲೆಗೆ ಇಳಿದಿರಲಿಲ್ಲ. ಆ ಲೆಕ್ಕವನ್ನು ನಾನು ಆಮೇಲೆ ಮನೆಯಲ್ಲೇ ಬಕೆಟ್, ನೀರು ಇಟ್ಟುಕೊಂಡು ಮಾಡಿ ನೋಡಿದೆ. ನೀವೂ ಮಾಡಬಹುದು. ಒಂದು ಮಧ್ಯಾಹ್ನ ಸಾಕು.

ಮೊದಲು ದಪ್ಪ ಅಳೆಯಿರಿ

ನಮ್ಮ ಅಂಗಡಿಗಳಲ್ಲಿ ಜಿ.ಐ. ತಂತಿಗೆ (ಸತುವಿನ ಲೇಪ ಇರುವ ಕಬ್ಬಿಣದ ತಂತಿ) ಹೇಳುವ ಗೇಜ್ ಬ್ರಿಟಿಷರ ಕಾಲದ ಅಳತೆ. ತಂತಿ ಮಾಡುವಾಗ ಲೋಹದ ಸರಳನ್ನು ಸಣ್ಣ ತೂತಿನ ಮೂಲಕ ಎಳೆಯುತ್ತಾರೆ, ಆಮೇಲೆ ಇನ್ನೂ ಸಣ್ಣ ತೂತಿನ ಮೂಲಕ, ಮತ್ತೆ ಇನ್ನೂ ಸಣ್ಣದು. ಎಳೆದಷ್ಟೂ ತೆಳು, ಎಳೆದಷ್ಟೂ ನಂಬರ್ ಜಾಸ್ತಿ. ನಂಬರ್ ಉಲ್ಟಾ ಆಗಿರೋದು ಅದಕ್ಕೇ. ನಮಗೆ ದಿನನಿತ್ಯ ಬೇಕಾಗುವ ನಂಬರ್‌ಗಳು ಇಷ್ಟೇ:

16 ಗೇಜ್: 1.63 ಮಿ.ಮೀ.
14 ಗೇಜ್: 2.03 ಮಿ.ಮೀ.
12 ಗೇಜ್: 2.64 ಮಿ.ಮೀ.
10 ಗೇಜ್: 3.25 ಮಿ.ಮೀ.
8 ಗೇಜ್: 4.06 ಮಿ.ಮೀ.

ಅಂಗಡಿಯವರು ಹೇಳಿದ್ದನ್ನು ನಂಬಿ ಕೂರಬೇಡಿ. ದಪ್ಪ ಅಳೆಯುವ ವರ್ನಿಯರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಅಳೆಯಬಹುದು. ತಂತಿಯನ್ನು ಅರ್ಧ ಇಂಚಿನ ಪೈಪಿಗೆ ಒತ್ತೊತ್ತಾಗಿ 10 ಸುತ್ತು ಸುತ್ತಿ. ಸುತ್ತಿನ ನಡುವೆ ಸಂದು ಇರಬಾರದು. ಸುತ್ತಿದ ಅಗಲವನ್ನು ಮಕ್ಕಳ ಸ್ಕೇಲಿನಲ್ಲಿ ಅಳೆದು 10ರಿಂದ ಭಾಗಿಸಿ. 14 ಗೇಜ್ ಆಗಿದ್ದರೆ 10 ಸುತ್ತಿಗೆ 20 ಮಿ.ಮೀ. ಬರಬೇಕು. 18 ಬಂದರೆ ಅದು 14 ಗೇಜ್ ಅಲ್ಲ.

ಇನ್ನೊಂದು ದಾರಿಯೂ ಇದೆ. ಈ ತಂತಿ ಕೆ.ಜಿ. ಲೆಕ್ಕದಲ್ಲಿ ಮಾರುವ ಮಾಲು. 14 ಗೇಜ್ ತಂತಿ ಒಂದು ಕೆ.ಜಿ.ಗೆ ಸುಮಾರು 39 ಮೀಟರ್ ಬರುತ್ತದೆ. 8 ಗೇಜ್ ಆದರೆ 10 ಮೀಟರ್ ಕೂಡ ತುಂಬಲ್ಲ. ಈ ಎರಡು ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪರೀಕ್ಷೆಗೆ ರಿವೈಂಡಿಂಗ್ ಅಂಗಡಿಯ ತಂತಿ

ಜಿ.ಐ. ತಂತಿಯನ್ನು ಮನೆಯಲ್ಲಿ ತುಂಡು ಮಾಡಿ ನೋಡಲು ನೂರಾರು ಕೆ.ಜಿ. ಬೇಕು, ಅದು ಆಗದ ಮಾತು. ಅದಕ್ಕೆ ತೆಳು ತಾಮ್ರದ ತಂತಿ ಹಿಡಿಯಬೇಕು. ನಮ್ಮ ಕಡೆ ಅದಕ್ಕೇನು ಬರ? ದಾವಣಗೆರೆ, ಚಿತ್ರದುರ್ಗ ಕಡೆ ಬೋರ್‌ವೆಲ್ ಇರುವಲ್ಲೆಲ್ಲಾ ಮೋಟಾರ್ ರಿವೈಂಡಿಂಗ್ ಅಂಗಡಿ ಇದ್ದೇ ಇರುತ್ತದೆ. ಅಲ್ಲಿ ಹೋಗಿ "ಅಣ್ಣಾ, 30, 26, 22 ಗೇಜ್ ವೈರ್ ಎರಡೆರಡು ಮೀಟರ್ ಕೊಡಿ" ಅನ್ನಿ. ನನಗೆ ಕೊಟ್ಟವರು ದುಡ್ಡೇ ತಗೊಳ್ಳಲಿಲ್ಲ. ಆದರೆ "ಇಷ್ಟರಲ್ಲಿ ಏನ್ ಮೋಟಾರ್ ಸುತ್ತೀರಿ?" ಅಂತ ನಕ್ಕರು. ಹಳೇ ಮೋಟಾರಿನಿಂದ ಬಿಚ್ಚಿದ ತಂತಿ ಬೇಡ. ಸುಟ್ಟಿರುತ್ತದೆ, ಮಡಿಚಿರುತ್ತದೆ. ಹೊಸ ಸುರುಳಿಯದ್ದೇ ಕೇಳಿ.

ಇವುಗಳ ದಪ್ಪ: 30 ಗೇಜ್ 0.315 ಮಿ.ಮೀ., 26 ಗೇಜ್ 0.457, 22 ಗೇಜ್ 0.711. ಪೆನ್ಸಿಲ್ ಮೇಲೆ 20 ಸುತ್ತು ಸುತ್ತಿ ಅಳೆದರೆ ಗೊತ್ತಾಗುತ್ತದೆ. ಮೇಲಿನ ವಾರ್ನಿಷ್ ಸೇರಿ ಕೂದಲೆಳೆಯಷ್ಟು ಜಾಸ್ತಿ ತೋರಿಸಬಹುದು.

ಬೇಕಾದ ಉಳಿದ ಸಾಮಾನು: ಹಿಡಿ ಇರುವ ಸಣ್ಣ ಪ್ಲಾಸ್ಟಿಕ್ ಡಬ್ಬ, ಒಂದು 10 ಲೀಟರ್ ಬಕೆಟ್, ಅಳತೆಯ ಲೋಟ, ಗೋಣಿಚೀಲ, ಎರಡು ಗುಂಡನೆಯ ಕೋಲು. ನಾನು ಒಂದು ಕಡೆಗೆ ಲಟ್ಟಣಿಗೆ ತಗೊಂಡೆ. ಅದಕ್ಕೂ ಬೈಸಿಕೊಂಡೆ. ಕಣ್ಣಿಗೆ ಕನ್ನಡಕ ಕಡ್ಡಾಯ. ತಂತಿ ತುಂಡಾದಾಗ ತುದಿ ಚಿಮ್ಮುತ್ತದೆ.

ಕಟ್ಟುವ ರೀತಿಯಲ್ಲೇ ಅರ್ಧ ಕೆಲಸ

ತಂತಿಗೆ ಗಂಟು ಹಾಕಬೇಡಿ. ಗಂಟು ಹಾಕಿದರೆ ತಂತಿ ಗಂಟಿನಲ್ಲೇ ತುಂಡಾಗುತ್ತದೆ. ಆಗ ನೀವು ಅಳೆದಿದ್ದು ಗಂಟಿನ ಶಕ್ತಿಯೇ ಹೊರತು ತಂತಿಯದ್ದಲ್ಲ. ಕೋಲಿನ ಮೇಲೆ ಪಕ್ಕಪಕ್ಕ ಆರು ಸುತ್ತು ಸುತ್ತಿ, ಉಳಿದ ತುದಿಯನ್ನು ಟೇಪ್ ಹಾಕಿ ಅಂಟಿಸಿ ಸಾಕು. ಭಾರವನ್ನೆಲ್ಲ ಸುತ್ತುಗಳೇ ಹಿಡಿಯುತ್ತವೆ, ತುದಿಗೆ ಎಳೆತ ಹೋಗೋದೇ ಇಲ್ಲ. ಬಾವಿ ಹಗ್ಗವನ್ನು ಕಲ್ಲುಕಂಬಕ್ಕೆ ನಾಲ್ಕು ಸುತ್ತು ಹಾಕಿ ಒಂದೇ ಕೈಯಲ್ಲಿ ಹಿಡಿದವರಿಗೆ ಇದು ಗೊತ್ತಿರುತ್ತದೆ.

ಮೇಲಿನ ಕೋಲನ್ನು ಎರಡು ಮೇಜಿನ ನಡುವೆ ಅಡ್ಡ ಇಡಿ. ಕೆಳಗಿನ ಕೋಲಿಗೆ ಡಬ್ಬ ತೂಗುಹಾಕಿ. ನಡುವೆ ಒಂದಡಿ ತಂತಿ ಇರಲಿ, ಜಾಸ್ತಿ ಬೇಡ. ಇಲ್ಲಿ ನಾನು ಮೊದಲ ಸಲ ಎಡವಿದ್ದೆ. ಒಂದು ಮೀಟರ್ ತಂತಿ ಬಿಟ್ಟು, ಡಬ್ಬವನ್ನು ನೆಲದಿಂದ ನಾಲ್ಕು ಬೆರಳು ಮೇಲೆ ತೂಗಿಸಿದ್ದೆ. ನೀರು ಹಾಕುತ್ತಾ ಹೋದೆ, ಹೋದೆ, ತಂತಿ ತುಂಡಾಗೋದೇ ಇಲ್ಲ! ಬಗ್ಗಿ ನೋಡಿದರೆ ಡಬ್ಬ ಸುಮ್ನೆ ನೆಲದ ಮೇಲೆ ಕೂತಿದೆ. ತಾಮ್ರ ಮೆದು ಲೋಹ. ತುಂಡಾಗುವ ಮುಂಚೆ ಅಂಟಿನ ಹಾಗೆ ಹಿಗ್ಗುತ್ತದೆ, ಒಂದು ಮೀಟರ್ ತಂತಿ ಆ ನಾಲ್ಕು ಬೆರಳಿನಷ್ಟೂ ಹಿಗ್ಗಿ ಉದ್ದ ಆಗಿತ್ತು. ಅದಕ್ಕೆ ತಂತಿ ಗಿಡ್ಡ ಇರಲಿ, ಡಬ್ಬದ ಕೆಳಗೆ ಅರ್ಧ ಅಡಿ ಜಾಗ ಇರಲಿ, ನೆಲದ ಮೇಲೆ ಮಡಿಚಿದ ಗೋಣಿಚೀಲ ಇರಲಿ.

ಈಗ ನೀರು. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ಖಾಲಿ ಡಬ್ಬ, ಕೆಳಗಿನ ಕೋಲು ಎರಡನ್ನೂ ಕಿರಾಣಿ ಅಂಗಡಿಯಲ್ಲಿ ತೂಗಿಸಿ ಬರೆದುಕೊಂಡಿರಿ, ಕೊನೆಗೆ ನೀರಿನ ತೂಕಕ್ಕೆ ಕೂಡಿಸಬೇಕು. 100 ಮಿ.ಲೀ. ಹಾಕಿ, ಅರ್ಧ ನಿಮಿಷ ನಿಲ್ಲಿ, ಮತ್ತೆ 100 ಹಾಕಿ. ಮೇಲಿಂದ ದಬಕ್ ಅಂತ ಸುರಿದರೆ ಆ ಏಟಿಗೇ ತುಂಡಾಗಿ ಲೆಕ್ಕ ಕೆಡುತ್ತದೆ. ಒಂದೊಂದು ಗೇಜಿಗೂ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. 22 ಗೇಜಿಗೆ ಡಬ್ಬ ಸಾಲದು, ಬಕೆಟ್ ಬೇಕು.

ಇದೇ ಪರೀಕ್ಷೆಯನ್ನು 500 ವರ್ಷದ ಹಿಂದೆಯೇ ಇಟಲಿಯ ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟಿದ್ದಾನೆ. ಕಬ್ಬಿಣದ ತಂತಿಗೆ ಬುಟ್ಟಿ ಕಟ್ಟಬೇಕು, ಸಣ್ಣ ತೂತಿನಿಂದ ಅದಕ್ಕೆ ಮರಳು ಸುರಿಯುತ್ತಿರಬೇಕು, ತಂತಿ ತುಂಡಾದ ತಕ್ಷಣ ಒಂದು ಸ್ಪ್ರಿಂಗ್ ಆ ತೂತನ್ನು ಮುಚ್ಚಬೇಕು. ಬುಟ್ಟಿ ಬಹಳ ಎತ್ತರದಿಂದ ಬೀಳದ ಹಾಗೆ ನೋಡಿಕೊಳ್ಳಬೇಕು ಅಂತಲೂ ಬರೆದಿದ್ದಾನೆ. ಅವನ ನೆಲವೂ ಒದ್ದೆ ಆಗಬಾರದಿತ್ತೇನೋ.

ಬಂದ ಅಂಕಿ

ನನಗೆ 30 ಗೇಜ್ ತಂತಿ 1.7 ಕೆ.ಜಿ. ಹತ್ತಿರ ತುಂಡಾಯಿತು. 26 ಗೇಜ್ ಮೂರೂವರೆ ಕೆ.ಜಿ.ಗೆ. 22 ಗೇಜ್ ಎಂಟೂವರೆ ಕೆ.ಜಿ. ದಾಟಿದ ಮೇಲೆ. ಈಗ ದಪ್ಪದ ಜೊತೆ ಹೋಲಿಸಿ. 22 ಗೇಜ್ ತಂತಿ 30 ಗೇಜಿಗಿಂತ ಎರಡೂಕಾಲು ಪಟ್ಟು ದಪ್ಪ. ಭಾರ ಮಾತ್ರ ಐದು ಪಟ್ಟು.

ಯಾಕೆ ಹೀಗೆ? ತಂತಿಯನ್ನು ಅಡ್ಡಕ್ಕೆ ಕತ್ತರಿಸಿ ತುದಿ ನೋಡಿ, ಒಂದು ಗುಂಡನೆಯ ಚುಕ್ಕೆ ಕಾಣುತ್ತದೆ. ಭಾರ ಹೊರೋದು ಆ ಚುಕ್ಕೆಯ ಅಷ್ಟೂ ಜಾಗ. ಆರಿಂಚಿನ ದೋಸೆಗೆ ಒಂದು ಸೌಟು ಹಿಟ್ಟಾದರೆ, ಅಷ್ಟೇ ತೆಳುವಾಗಿ ಹನ್ನೆರಡು ಇಂಚಿನ ದೋಸೆ ಹುಯ್ಯಲು ನಾಲ್ಕು ಸೌಟು ಬೇಕು, ಅಲ್ವಾ? ತಂತಿಯಲ್ಲೂ ಹಾಗೇ. ದಪ್ಪ ಎರಡರಷ್ಟಾದರೆ ಭಾರ ನಾಲ್ಕರಷ್ಟು. ಮೂರರಷ್ಟಾದರೆ ಒಂಬತ್ತರಷ್ಟು. ಮನೆ ವೈರಿಂಗ್ ಮಾಡುವವರು ಒಂದೂವರೆ ಸ್ಕ್ವೇರ್, ಎರಡೂವರೆ ಸ್ಕ್ವೇರ್ (ಚದರ ಮಿ.ಮೀ.) ಅನ್ನೋದು ಈ ಚುಕ್ಕೆಯ ಜಾಗವನ್ನೇ. ಅವರ ಲೋಡ್ ಬೇರೆ, ಅದು ಕರೆಂಟಿನದ್ದು. ಆದರೆ ಜಾಗ ಲೆಕ್ಕ ಹಾಕುವ ಅವರ ಅಭ್ಯಾಸ ಒಳ್ಳೆಯದು.

ತುಂಡಾದ ತುದಿಯನ್ನೂ ಭೂತಗನ್ನಡಿಯಲ್ಲಿ ನೋಡಿ. ಕೆತ್ತಿದ ಪೆನ್ಸಿಲ್ ಮೊನೆ ಥರ ಸಣ್ಣಗಾಗಿರುತ್ತದೆ. ತಂತಿ ಎಲ್ಲ ಕಡೆ ಒಂದೇ ಸಮ ಹಿಗ್ಗಿ, ಕೊನೆಗೆ ಒಂದು ಜಾಗದಲ್ಲಿ ಸೊಂಟ ಸಣ್ಣ ಮಾಡಿಕೊಂಡು ಅಲ್ಲೇ ತುಂಡಾಗುತ್ತದೆ.

ಜಿ.ಐ. ತಂತಿಗೆ ಸುಲಭದ ಲೆಕ್ಕ

ಮೆದು ಜಿ.ಐ. ತಂತಿ ಒಂದು ಚದರ ಮಿ.ಮೀ.ಗೆ ಸುಮಾರು 40 ಕೆ.ಜಿ. ಎಳೆತ ತಡೆಯುತ್ತದೆ. ಬಾಯಿಲೆಕ್ಕಕ್ಕೆ ಹೀಗೆ ಮಾಡಿ: ಮಿ.ಮೀ. ದಪ್ಪವನ್ನು ಅದರಿಂದಲೇ ಗುಣಿಸಿ, ಬಂದಿದ್ದನ್ನು 30ರಿಂದ ಗುಣಿಸಿ (ಗುಂಡನೆಯ ಚುಕ್ಕೆ ಅಷ್ಟೇ ಅಗಲದ ಚೌಕದ ಹೆಚ್ಚುಕಡಿಮೆ ಮುಕ್ಕಾಲು ಭಾಗ, ಅದಕ್ಕೇ 40ರ ಬದಲು 30). ಅದು ತುಂಡಾಗುವ ಭಾರ, ಕೆ.ಜಿ.ಯಲ್ಲಿ. ತಾಮ್ರಕ್ಕಾದರೆ 30ರ ಬದಲು 17.

ಈ ಲೆಕ್ಕದಲ್ಲಿ 16 ಗೇಜ್ 80 ಕೆ.ಜಿ., 14 ಗೇಜ್ 120, 12 ಗೇಜ್ 210, 10 ಗೇಜ್ 315, 8 ಗೇಜ್ 495. ಎಂಟಕ್ಕೂ ಹದಿನಾಲ್ಕಕ್ಕೂ ದಪ್ಪದಲ್ಲಿ ಸರಿಯಾಗಿ ಎರಡು ಪಟ್ಟು, ಭಾರದಲ್ಲಿ ನಾಲ್ಕು ಪಟ್ಟು. ಒಂದು ಕೆ.ಜಿ.ಗೆ 39 ಮೀಟರ್, 10 ಮೀಟರ್ ಅಂದಿದ್ದೆನಲ್ಲ, ಅದೂ ಅದೇ ನಾಲ್ಕು ಪಟ್ಟು. ಅಂದರೆ ಶಕ್ತಿ ಎಷ್ಟು ಪಟ್ಟು ಬೇಕೋ ದುಡ್ಡೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಕೊಡಬೇಕು.

ಈ ಅಂಕಿಯ ಕಾಲು ಭಾಗವನ್ನು ಮಾತ್ರ ಬಳಸಿ. 14 ಗೇಜ್ ಅಂದರೆ 30 ಕೆ.ಜಿ. ಎಳೆತ, ಅಷ್ಟೇ. ಗಾಳಿ, ತುಕ್ಕು, ಕೊಕ್ಕೆ ಹತ್ತಿರದ ಮಡಿಕೆ, ಮಕ್ಕಳು ಜೋತುಬೀಳೋದು, ಉಳಿದ ಮುಕ್ಕಾಲು ಇವಕ್ಕೆ ಮೀಸಲು. ಜೋಕಾಲಿ, ತೊಟ್ಟಿಲು ಇಂಥದ್ದಕ್ಕೆ ಈ ತಂತಿ ಬೇಡವೇ ಬೇಡ.

ಲೋಹ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಸೈಕಲ್ ಚಕ್ರದ ಕಡ್ಡಿ ಸಾಮಾನ್ಯವಾಗಿ 2 ಮಿ.ಮೀ., ನಮ್ಮ 14 ಗೇಜ್ ತಂತಿಯಷ್ಟೇ. ಆದರೆ ಅದು ಗಟ್ಟಿ ಉಕ್ಕು, ಎರಡು ಪಟ್ಟಿಗಿಂತ ಜಾಸ್ತಿ ತಡೆಯುತ್ತದೆ. ಸೆಂಟ್ರಿಂಗ್‌ನವರು ಕಂಬಿ ಕಟ್ಟುವ ಬೈಂಡಿಂಗ್ ವೈರ್ ಕಾಯಿಸಿ ಮೆದು ಮಾಡಿದ್ದು, ಭಾರ ತೂಗುಹಾಕಲು ಮಾಡಿದ್ದಲ್ಲ.

ಬಿಗಿ ತಂತಿಯ ಮೋಸ

ನನ್ನ ತಂತಿ 14 ಗೇಜ್. ಒದ್ದೆ ಕೌದಿ ಎರಡೂ ಸೇರಿ 16 ಕೆ.ಜಿ. ಇದ್ದವು. ಮಾರನೇ ದಿನ ಮತ್ತೆ ನೆನೆಸಿ ತೂಗಿದೆ, ಅಮ್ಮನಿಗೆ ಗೊತ್ತಿಲ್ಲ. 120 ಕೆ.ಜಿ. ತಡೆಯುವ ತಂತಿ 16 ಕೆ.ಜಿ.ಗೆ ತುಂಡಾಗಿದ್ದು ಹೇಗೆ?

ಬಕೆಟ್ ಪರೀಕ್ಷೆಯಲ್ಲಿ ತಂತಿ ನೆಟ್ಟಗೆ ಕೆಳಗೆ ಇಳಿಬಿದ್ದಿತ್ತು. ಎಷ್ಟು ಭಾರವೋ ಅಷ್ಟೇ ಎಳೆತ. ಬಟ್ಟೆ ತಂತಿ ಅಡ್ಡಕ್ಕೆ ಇರುತ್ತದೆ. ಅಡ್ಡ ಇರುವ ತಂತಿ ಸ್ವಲ್ಪವಾದರೂ ಜೋಲು ಬೀಳದೆ ಭಾರ ಹೊರಲಾರದು. ಜೋಲು ಕಡಿಮೆಯಾದಷ್ಟೂ ಎಳೆತ ಜಾಸ್ತಿ. ಲೆಕ್ಕ ಹೀಗೆ: ನಡುವೆ ಇರುವ ಭಾರವನ್ನು ಕಂಬದಿಂದ ಕಂಬಕ್ಕಿರುವ ದೂರದಿಂದ ಗುಣಿಸಿ, ಜೋಲಿನ ನಾಲ್ಕು ಪಟ್ಟಿನಿಂದ ಭಾಗಿಸಿ. ದೂರ, ಜೋಲು ಎರಡೂ ಮೀಟರಿನಲ್ಲಿರಲಿ.

ನಮ್ಮ ಮಾಳಿಗೆಯಲ್ಲಿ ದೂರ 6 ಮೀಟರ್. ನಾನು ಕಟಿಂಗ್ ಪ್ಲೇಯರ್ ಹಾಕಿ ತಂಬೂರಿ ತಂತಿ ಥರ ಬಿಗಿದಿದ್ದೆ. ಕೌದಿ ಹಾಕಿದಾಗ 15 ಸೆಂ.ಮೀ. ಜೋಲು ಬಿದ್ದಿತ್ತು ಅಂತಿಟ್ಟುಕೊಳ್ಳಿ. 16 ಗುಣಿಸು 6, ಭಾಗಿಸು 0.6. ಎಳೆತ 160 ಕೆ.ಜಿ.! ಅದೇ 30 ಸೆಂ.ಮೀ. ಜೋಲಿದ್ದರೆ 80. ಎರಡಡಿ ಜೋಲಿದ್ದರೆ 40. ಕೌದಿ ಅದೇ, ತಂತಿ ಅದೇ.

ಹೊಸ ಮೆದು ತಂತಿ ಆಗಿದ್ದರೆ ಇಷ್ಟು ಎಳೆತ ಬರುವ ಮುಂಚೆಯೇ ಹಿಗ್ಗಿ, ತಾನೇ ಜೋಲು ಜಾಸ್ತಿ ಮಾಡಿಕೊಂಡು ಬಚಾವಾಗುತ್ತಿತ್ತು. ನನ್ನದು ನಾಲ್ಕು ವರ್ಷದ ಹಳೇ ತಂತಿ, ಕೊಕ್ಕೆಯ ಹತ್ತಿರ ಮಡಿಚಿ ಮಡಿಚಿ ಸೋತಿತ್ತು. ಸರಿಯಾಗಿ ಅಲ್ಲೇ ತುಂಡಾಗಿದೆ.

ಈಗ ಭಾವನ ಚಪ್ಪರ. ಕಂಬದಿಂದ ಕಂಬಕ್ಕೆ 5 ಮೀಟರ್. ಒಂದು ಅಂಕಣಕ್ಕೆ ಬಳ್ಳಿ, ಕಾಯಿ, ಮಳೆ ನೀರು ಸೇರಿ 40 ಕೆ.ಜಿ. ಅಂತ ಹಿಡಿಯೋಣ. ಇಲ್ಲಿ ಭಾರ ಉದ್ದಕ್ಕೂ ಹರಡಿರುತ್ತದೆ, ಹಾಗಾಗಿ ನಾಲ್ಕರ ಬದಲು ಎಂಟರಿಂದ ಭಾಗಿಸಬೇಕು. 20 ಸೆಂ.ಮೀ. ಜೋಲಿಗೆ ಎಳೆತ 125 ಕೆ.ಜಿ. ಬಂತು. 14 ಗೇಜ್ ತಂತಿ ತುಂಡಾಗುವ ಮಟ್ಟವೂ ಅದೇ. ಮಳೆಗಾಲದವರೆಗೆ ಬಾಳಿದ್ದೇ ದೊಡ್ಡದು.

ಭಾವ "ಹಂಗಾದ್ರೆ 8 ಗೇಜ್ ಹಾಕೋಣ" ಅಂದರು. ಹಾಕಬಹುದು, ತಂತಿಯ ಖರ್ಚು ನಾಲ್ಕು ಪಟ್ಟು. ನಾನು ಹೇಳಿದ್ದು ಬೇರೆ: ಎರಡು ಕಂಬದ ನಡುವೆ ಒಂದೊಂದು ಬಿದಿರು ಗಳ ನಿಲ್ಲಿಸಿ. ಆಗ ದೂರ ಎರಡೂವರೆ ಮೀಟರ್, ಭಾರ 20 ಕೆ.ಜಿ., ಜೋಲು 10 ಸೆಂ.ಮೀ. ಎಳೆತ 62 ಕೆ.ಜಿ.ಗೆ ಇಳಿಯುತ್ತದೆ. ಅದಕ್ಕೆ 12 ಗೇಜ್ ಹಾಕಿದರೆ ಮೂರು ಪಟ್ಟಿಗಿಂತ ಜಾಸ್ತಿ ಶಕ್ತಿ ಕೈಯಲ್ಲಿರುತ್ತದೆ. ನಾನು ಹೇಳಿದ ನಾಲ್ಕು ಪಟ್ಟಿಗೆ ಸ್ವಲ್ಪ ಕಡಿಮೆ ನಿಜ. ಆದರೆ ಚಪ್ಪರ ತುಂಡಾದರೆ ಹೋಗೋದು ಹೀರೆಕಾಯಿ, ತಲೆಯಲ್ಲ. ಅಷ್ಟಕ್ಕೆ ಸಾಕು ಅನ್ನೋದು ನನ್ನ ಅಭಿಪ್ರಾಯ.

ಕಟ್ಟಿದ ಮೇಲೆ

ಕೊಕ್ಕೆಗೆ ತಂತಿಯನ್ನು ಚೂಪಾಗಿ ಮಡಿಚಬೇಡಿ. ಒಂದು ದಪ್ಪ ವಾಷರ್ ಅಥವಾ ಪೈಪಿನ ತುಂಡಿನ ಮೇಲೆ ದುಂಡಗೆ ಸುತ್ತಿ ತನ್ನಿ. ಬಿಚ್ಚಿ ಕಟ್ಟುವಾಗ ಹಳೇ ಮಡಿಕೆ ಇದ್ದ ಜಾಗವನ್ನು ಕತ್ತರಿಸಿ ಬಿಸಾಡಿ.

ತುಕ್ಕನ್ನೂ ದಪ್ಪದ ಲೆಕ್ಕದಲ್ಲೇ ನೋಡಿ. 14 ಗೇಜ್ ತಂತಿಯ ಸುತ್ತ ಬರೀ 0.1 ಮಿ.ಮೀ. ತುಕ್ಕು ತಿಂದರೆ 2.03 ಇದ್ದದ್ದು 1.83 ಆಗುತ್ತದೆ. ಕಣ್ಣಿಗೆ ಗೊತ್ತೇ ಆಗಲ್ಲ. ಶಕ್ತಿ ಮಾತ್ರ ಐದರಲ್ಲಿ ಒಂದು ಪಾಲು ಹೋಗಿರುತ್ತದೆ. ವರ್ಷಕ್ಕೊಮ್ಮೆ ಕೊಕ್ಕೆ ಹತ್ತಿರದ ಒಂದು ಗೇಣು ತಂತಿಯನ್ನು ಬಟ್ಟೆಯಿಂದ ಉಜ್ಜಿ ನೋಡಿ. ಕೆಂಪು ಪುಡಿ ಬಂದರೆ ಬದಲಿಸುವ ಕಾಲ ಬಂತು.

ನಮ್ಮ ಮಾಳಿಗೆಗೆ ಈಗ 10 ಗೇಜ್ ತಂತಿ ಹಾಕಿದ್ದೇನೆ, ಒಂದಡಿ ಜೋಲು ಬಿಟ್ಟಿದ್ದೇನೆ. ಕೌದಿ ಎರಡೂ ಹಾಕಿದರೆ ಎಳೆತ 80 ಕೆ.ಜಿ., ತಂತಿ ತಡೆಯೋದು 315. ನೋಡಲು ಚೆನ್ನಾಗಿಲ್ಲ ಅಂತ ಅಮ್ಮ ಎರಡು ಸಲ ಬಿಗಿ ಮಾಡಿಸಲು ನೋಡಿದರು. ಕಟಿಂಗ್ ಪ್ಲೇಯರ್ ಬಚ್ಚಿಟ್ಟಿದ್ದೇನೆ.